ಹುಂಜದ ಕೊರಳಿನ ಗಂಟುಗಳು

ಇಬ್ಬರೂ ರಿಬ್ಬನ್ ಬಿಚ್ಚುತ್ತಿದ್ದರು.

ಅಡುಗೆಮನೆಯ ಮೇಜಿಗೆ ಹಳೆಯ ಪೇಪರು ಹಾಸಿ ಅದರ ಮೇಲೆ ಚರ್ಚಿನ ಗೋಪುರದ ಹುಂಜವನ್ನು, ಗಾಳಿಯ ದಿಕ್ಕು ತೋರಿಸುವ ಲೋಹದ ಗೊಂಬೆಯನ್ನು, ಮಲಗಿಸಿದ್ದರು. ಕತ್ತು ಮುರಿದು ಒಂದು ಪಕ್ಕಕ್ಕೆ ವಾಲಿತ್ತು. ಬಂಗಾರದ ಬಣ್ಣ ಎದ್ದ ಕಡೆಯೆಲ್ಲ ತೆಳುವಾದ ತಗಡು ಬೂದಿಯಂತೆ ಇಣುಕುತ್ತಿತ್ತು. ಕೊರಳ ತುಂಬ ಮಾತ್ರ ಬಣ್ಣವೋ ಬಣ್ಣ. ಕೆಂಪು, ನೀಲಿ, ಹಳದಿ, ಚುಕ್ಕಿಯದು, ಜರಿಯಂಚಿನದು. ಒಂದೊಂದು ರಿಬ್ಬನ್ನೂ ಒಂದೊಂದು ಮನೆಯದು.

ಇರೆನ್ ತಾಲ್ಬೋ ಗಂಟು ಬಿಚ್ಚಿ ಕೊಡುತ್ತಿದ್ದಳು. ಎದುರಿಗೆ ಕೂತ ಒಡಿಲ್ ಅದನ್ನು ಹೆಬ್ಬೆರಳಿನಿಂದ ನೀವಿ, ಸುಕ್ಕು ತೆಗೆದು, ಮೇಜಿನಂಚಿಗೆ ಸಾಲಾಗಿ ಇಡುತ್ತಿದ್ದಳು. ಹುಂಜ ಅಸಲಿಯೋ ನಕಲಿಯೋ, ರಿಬ್ಬನ್ನುಗಳನ್ನು ಆಯಾ ಮನೆಗೆ ಹಿಂದಿರುಗಿಸಲೇಬೇಕು. ಬಟ್ಟೆ ಬೀರುವಿನಲ್ಲಿ ಅದೊಂದು ಇದ್ದರೆ ಆ ಮನೆಗೆ ಸಿಡಿಲು ಬಡಿಯುವುದಿಲ್ಲ ಅಂತ ಮೊಂಬ್ರಿಯಾರ್ ಊರಿನವರ ನಂಬಿಕೆ.

ಹೊರಗೆ ಚೌಕದಲ್ಲಿ ಜನರ ಗದ್ದಲ. ಪರಂಪರೆಯ ಹಬ್ಬಕ್ಕೆ ಅಂತ ಅರಮನೆ, ಪಾರ್ಕು ನೋಡಲು ಬಂದ ಪರವೂರಿನವರೆಲ್ಲ ಈಗ ಚರ್ಚಿನ ಮುಂದೆ ನಿಂತು ಬರಿದಾದ ಗೋಪುರದ ಫೋಟೋ ತೆಗೆಯುತ್ತಿದ್ದರು. ಆ ಬೆಳಿಗ್ಗೆ ಪೂಜೆ ಮುಗಿದ ಮೇಲೆ, ಊರಿಗೆ ಊರೇ ಕತ್ತೆತ್ತಿ ನೋಡುತ್ತಿದ್ದಾಗ, ಗೋಪುರದ ತುದಿಗೆ ಬಾಸಿಲ್ ಗೆರ್ಲೆ ಕೂರಿಸಿದ ಹುಂಜ ಒಂದೇ ಗಾಳಿಗೆ ಕತ್ತು ಮುರಿದುಕೊಂಡಿತ್ತು. ಮುನ್ನೂರು ವರ್ಷದ ತಾಮ್ರದ ಹುಂಜ ಮಾಯವಾಗಿ ಅದರ ಜಾಗಕ್ಕೆ ತಗಡಿನದು ಬಂದಿದೆ ಅಂತ ಎಲ್ಲರಿಗೂ ತಿಳಿದದ್ದು ಆಗಲೇ.

ಬಾಸಿಲ್ ಒಡಿಲ್‌ಳ ಅಪ್ಪ. ಊರಿನ ಮಾಡುಗಳಿಗೆಲ್ಲ ಹಂಚು, ತಗಡು ಹೊದಿಸುವವನು. ಬೇಸಿಗೆಯೆಲ್ಲ ಹುಂಜ ಅವನ ಶೆಡ್ಡಿನಲ್ಲೇ ಇತ್ತು, ಬಂಗಾರದ ರೇಕು ಹಚ್ಚಿದ್ದೂ ಅವನೇ. ಬೇರೆ ಯಾರನ್ನು ಅನುಮಾನಿಸುವುದು? ಮೇಯರಮ್ಮ ನೇರವಾಗಿಯೇ ಹೇಳಿದ್ದಳು: ಸಂಜೆ ಪಾರ್ಕಿನ ಗೇಟು ಮುಚ್ಚುವುದರೊಳಗೆ ಹುಂಜ ಬರಬೇಕು. ಬರದಿದ್ದರೆ ಪೊಲೀಸರಿಗೆ ದೂರು. ಗೆರ್ಲೆ ಮನೆಯವರು ಇನ್ನು ಯಾವತ್ತೂ ಆ ಗೋಪುರ ಹತ್ತುವ ಹಾಗಿಲ್ಲ.

ಇರೆನ್ ಇದೇ ಊರಲ್ಲಿ ಹುಟ್ಟಿದವಳು, ಬಾಸಿಲ್‌ನ ಜೊತೆ ಶಾಲೆಗೆ ಹೋದವಳು. ಪ್ಯಾರಿಸ್ಸಿನಲ್ಲಿ ಪೊಲೀಸ್ ಇನ್‌ಸ್ಪೆಕ್ಟರಾಗಿ ನಿವೃತ್ತಳಾಗಿ, ಹಬ್ಬ ನೋಡಲು ಅಂತ ಎರಡು ದಿನದ ಮಟ್ಟಿಗೆ ಬಂದಿದ್ದಳು.

ಅವಳ ಬೆರಳು ನಿಂತಿತು.

ರಿಬ್ಬನ್ ಕಟ್ಟುವುದಕ್ಕೆ ಒಂದು ಕಟ್ಟಳೆಯಿದೆ. ತಲೆಮಾರಿಗೊಮ್ಮೆ ದುರಸ್ತಿಗೆ ಇಳಿಸಿದ ಹುಂಜವನ್ನು ಮತ್ತೆ ಗೋಪುರಕ್ಕೆ ಏರಿಸುವ ಹಿಂದಿನ ದಿನ ಮನೆಮನೆಗೆ ಹೊತ್ತು ತಿರುಗುತ್ತಾರೆ. ಆಯಾ ಮನೆಯವರು ತಮ್ಮ ಕೈಯಿಂದಲೇ ಕಟ್ಟಬೇಕು. ಹಿಂದಿನ ಮನೆಯವರ ಗಂಟಿನ ಮೇಲೇ ಕಟ್ಟಬೇಕು, ಕೆಳಗೆ ತೂರಿಸುವ ಹಾಗಿಲ್ಲ. ಹಾಗಾಗಿ ಕೊರಳಿನ ಮೇಲ್ಪದರದಲ್ಲಿದ್ದವು ಕೊನೆಗೆ ಹೋದ ಮನೆಗಳವು, ಹೊಳೆಯಾಚೆಯ ಕೇರಿಯವು.

ಅವೆಲ್ಲ ಒಂದೊಂದು ಥರ. ಮಾಂಸದಂಗಡಿಯವಳದು ಮಾಂಸದ ಸುರುಳಿಗೆ ಹುರಿ ಬಿಗಿದ ಹಾಗೆ. ಮಠದ ಸಿಸ್ಟರುಗಳದು ಇಸ್ತ್ರಿ ಮಾಡಿದಂಥ ಹೂವು. ಮುದುಕ ಮೇಷ್ಟ್ರದು ಬೂಟಿನ ಲಾಡಿಯ ಗಂಟು, ಎರಡೆರಡು ಸಲ. ಇನ್ಯಾರದೋ ಒಂದನ್ನು ಬಿಚ್ಚಲು ಫೋರ್ಕಿನ ತುದಿಯೇ ಬೇಕಾಗಿತ್ತು.

ಈಗ ಕೈಗೆ ಬಂದ ಹಸಿರು ರಿಬ್ಬನ್ನಿಗೆ ಗಂಟೇ ಇರಲಿಲ್ಲ. ಎರಡು ಸುತ್ತು ಸುತ್ತಿ, ತಿರುಚಿ, ತುದಿಯನ್ನು ಒಳಗೆ ಸಿಕ್ಕಿಸಿದ್ದರು, ಅಷ್ಟೇ. ಎಳೆದರೆ ಬರುತ್ತಿರಲಿಲ್ಲ. ಹಿಂದಕ್ಕೆ ತಿರುಚಿದರೆ ಸಲೀಸಾಗಿ ಬಿಚ್ಚಿಕೊಂಡಿತು.

ಅದರ ಕೆಳಗಿನದೂ ಹಾಗೇ. ಅದರ ಕೆಳಗಿನದೂ.

"ಒಡಿಲ್, ಈ ಹಸಿರು ಯಾರ ಮನೇದು?"

ಒಡಿಲ್‌ಳ ಹೆಬ್ಬೆರಳು ರಿಬ್ಬನ್ನಿನ ಮೇಲೆ ಹಾಗೇ ನಿಂತಿತು. ಮಾತು ಕಡಿಮೆಯ ಹುಡುಗಿ. ಶಾಲೆ ಬಿಟ್ಟು ಅಪ್ಪನ ಜೊತೆ ಮಾಡು ಹತ್ತಿದವಳು. ಬೇಕಾದರೆ ಇಡೀ ದಿನ ತಲೆಯಾಡಿಸಿಯೇ ಕಳೆಯಬಲ್ಲಳು.

"ಪಾರ್ಕಿನ ಗೇಟ್ ಮನೇದು," ಅಂದಳು. "ಅನ್ಸೆಲ್ಮ್ ಮಾಮಂದು."

"ಕೆಳಗಿರೋವೆಲ್ಲ?"

"ಅದಕ್ಕಿಂತ ಮೊದಲು ಹೋದ ಮನೆಗಳವು. ಪೇಟೆ ಬೀದಿಯವು. ಬೇಕರಿ, ಔಷಧಿ ಅಂಗಡಿ, ಪಾದ್ರಿಗಳ ಮನೆ..."

"ಪೇಟೆ ಬೀದಿಯವರೆಲ್ಲ ಒಂದೇ ಥರ ಕಟ್ಟೋದನ್ನ ಯಾವಾಗ ಕಲಿತ್ರು?"

ಒಡಿಲ್ ಇನ್ನೊಂದು ರಿಬ್ಬನ್ ನೀವತೊಡಗಿದಳು. ಅಷ್ಟರಲ್ಲಿ ಶೆಡ್ಡಿನ ಬಾಗಿಲು ತಳ್ಳಿಕೊಂಡು ಬಾಸಿಲ್ ಒಳಗೆ ಬಂದ. ಅಗಲವಾದ ಆಳು. ಬೆಳಿಗ್ಗೆಯಿಂದ ಒಂದು ಗಾತ್ರ ಕುಗ್ಗಿದ ಹಾಗೆ ಕಾಣುತ್ತಿದ್ದ.

"ಏನಮ್ಮ ಪ್ಯಾರಿಸ್ ಪೊಲೀಸು, ಹುಂಜ ಏನಾದ್ರೂ ಕೂಗ್ತಾ?"

"ಕೂಗ್ತಾ ಇದೆ. ನಿನ್ನ ಕಿವಿಗೆ ಬೀಳ್ತಿಲ್ಲ."

"ನನ್ನ ಕಿವಿಗೆ ಬೆಳಿಗ್ಗೆ ಬಿದ್ದಿದ್ದೇ ಸಾಕು. 'ಕಳ್ಳ' ಅಂದವನು ಯಾರು ಗೊತ್ತಾ? ಹೋದ ಚಳಿಗಾಲ ಅವನ ಮಾಡು ಸೋರ್ತಿದ್ದಾಗ ಮಂಜಲ್ಲಿ ಹತ್ತಿ ಮುಚ್ಚಿ ಕೊಟ್ಟಿದ್ದೆ. ಮುಂದಿನ ಸಲ ಬಕೆಟ್ ಇಟ್ಕೊಂಡು ಮಲಗ್ಲಿ."

ಅವನು ಕಾಫಿ ಬಗ್ಗಿಸಿಕೊಂಡ. ಎಡಗೈಯಲ್ಲಿ. ಅರ್ಧ ಬಟ್ಟಲಿಗೆ, ಅರ್ಧ ತಟ್ಟೆಗೆ. ಬಲಗೈ ಜೇಬಿನಲ್ಲೇ ಇತ್ತು. ಒಡಿಲ್ ಎದ್ದು ಚೆಲ್ಲಿದ್ದನ್ನು ಒರೆಸಿದಳು.

ಇರೆನ್ ಅದನ್ನು ನೋಡಿದಳು. "ನಿನ್ನೆ ಮಧ್ಯಾಹ್ನದ ಊಟ ಎಲ್ಲಿ ಮಾಡಿದ್ರಿ?"

"ಅನ್ಸೆಲ್ಮ್ ಮನೇಲಿ. ಹೋದ ಸಲ ನಮ್ಮಪ್ಪ ಹೊತ್ತಾಗಲೂ ಅಲ್ಲೇ. ಸೂಪು, ಮೊಲದ ಮಾಂಸ, ಆಮೇಲೆ ಅವನ ಆ ಹಾಳು ಪ್ಲಮ್ ಬ್ರಾಂಡಿ. ಬೇಡ ಅಂದ್ರೆ ಆ ಮನೆಯವರಿಗೆ ಅವಮಾನ. ಅಲ್ಲಿಗೆ ಬರೋ ಹೊತ್ತಿಗೆ ಎಷ್ಟು ಮನೇಲಿ ಕುಡ್ದಿದ್ದೆ ಅನ್ನೋದು ದೇವರಿಗೇ ಗೊತ್ತು."

"ಆಗ ಹುಂಜ?"

"ನೋಡೋಕೆ ಬಂದವರೆಲ್ಲ ಮುಟ್ತಾ ಇದ್ರು, ಕೊರಳಿನ ರಿಬ್ಬನ್ ಎಳೀತಾ ಇದ್ರು. ಅನ್ಸೆಲ್ಮ್ ಅದನ್ನ ಸಾಮಾನಿನ ಕೋಣೇಲಿ ಇಟ್ಟ. ಊಟ ಆದ ಮೇಲೆ ಇವಳು ಹೊತ್ಕೊಂಡ್ಳು. ನನಗೆ ನೆಟ್ಟಗೆ ನಡೆಯೋಕೇ ಆಗ್ತಿರ್ಲಿಲ್ಲ."

ಇರೆನ್ ಹಸಿರು ರಿಬ್ಬನ್ನನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು. "ಪಾರ್ಕಿನ ಕಡೆ ಒಂದು ಸುತ್ತು ಹೋಗಿ ಬರ್ತೀನಿ," ಅಂದಳು. "ಹಬ್ಬಕ್ಕೆ ಅಂತ ಬಂದು ಇನ್ನೂ ಏನೂ ನೋಡಿಲ್ಲ."

ಲಿಂಡನ್ ಮರಗಳ ಸಾಲು ನೆಟ್ಟಿದ್ದು ಯಾವ ರಾಜನ ಕಾಲದಲ್ಲಿ ಅಂತ ಒಬ್ಬ ಹುಡುಗಿ ಮೆಗಾಫೋನಿನಲ್ಲಿ ಹೇಳುತ್ತಿದ್ದಳು. ಕೆರೆಯ ದಂಡೆಯಲ್ಲಿ ಜನ ಚಾಪೆ ಹಾಸಿಕೊಂಡು ಬ್ರೆಡ್ಡು, ಚೀಸು ತಿನ್ನುತ್ತಿದ್ದರು. ಹಂಸಗಳು ಯಾರ ಊಟ ಸುಲಭವಾಗಿ ಸಿಗಬಹುದು ಅಂತ ಲೆಕ್ಕ ಹಾಕುತ್ತಿದ್ದವು. ಇರೆನ್ ಎಲ್ಲವನ್ನೂ ದಾಟಿ ಅರಮನೆಯ ಹಿಂದಿನ ತರಕಾರಿ ತೋಟಕ್ಕೆ ಹೋದಳು.

ಅಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆ. ಗೋಡೆಯುದ್ದಕ್ಕೂ ಪಿಯರ್ ಮರಗಳು, ಕೈ ಚಾಚಿ ಗೋಡೆಗೆ ಒರಗಿ ನಿಂತ ಹಾಗೆ. ಒಂದೊಂದು ಕೊಂಬೆಯನ್ನೂ ತಂತಿಗೆ, ಹುರಿಯಂತೆ ಬಳುಕುವ ಎಳೆಯ ವಿಲೋ ಕಡ್ಡಿಯಿಂದ, ಕಟ್ಟಿದ್ದರು. ಎರಡು ಸುತ್ತು, ಒಂದು ತಿರುಚು, ತುದಿ ಒಳಗೆ.

ಚಿಕ್ಕಂದಿನಲ್ಲಿ ಇದೇ ಗೋಡೆ ಹತ್ತಿ ಅವಳು, ಬಾಸಿಲ್, ಅನ್ಸೆಲ್ಮ್ ಮೂವರೂ ಹಣ್ಣು ಕದ್ದವರು. ಆಗ ಹಿಡಿದು ಕಿವಿ ಹಿಂಡುತ್ತಿದ್ದವನು ಅನ್ಸೆಲ್ಮ್‌ನ ಅಪ್ಪನೇ, ಅಂದಿನ ತೋಟಗಾರ. ಈಗ ಅನ್ಸೆಲ್ಮ್ ಅದೇ ಜಾಗದಲ್ಲಿ, ಅದೇ ಥರದ ನೀಲಿ ಮೇಲಂಗಿಯಲ್ಲಿ, ಅವಳಿಗೆ ಬೆನ್ನು ಮಾಡಿ ನಿಂತಿದ್ದ.

"ಶೌಚಾಲಯ ಕುದುರೆ ಲಾಯದ ಹಿಂದೆ," ಅಂದ ತಿರುಗಿ ನೋಡದೆಯೇ.

"ನಾನು ಕೇಳೋಕೆ ಬಂದಿದ್ದು ಅದಲ್ಲ."

"ಹಣ್ಣು ಕೀಳೋ ಹಾಗಿಲ್ಲ."

"ಅದೂ ಅಲ್ಲ ಕಣೋ."

ಅನ್ಸೆಲ್ಮ್ ತಿರುಗಿದ. ಮೀಸೆ ಅರಳಿತು. "ಓಹೋ, ಇನ್‌ಸ್ಪೆಕ್ಟರಮ್ಮ! ನೀನಾದ್ರೆ ಕಿತ್ಕೋ. ಆಗೇನು ಕೇಳಿ ಕೀಳ್ತಿದ್ಯಾ?"

"ಬಾಸಿಲ್ ವಿಷಯ ನಿನ್ನ ಕಿವಿಗೂ ಬಿತ್ತು ತಾನೆ?"

ಮೀಸೆ ಇಳಿಯಿತು. "ಊರೆಲ್ಲ ಅದೇ ಮಾತು. ಪಾಪ. ಅವನು ಅಂಥವನಲ್ಲ."

"ಅಲ್ಲ," ಅಂದಳು ಇರೆನ್. ಗೋಡೆಯ ಕಡೆ ನೋಡಿದಳು. "ಅಲ್ಲೊಂದು ಕೊಂಬೆ ಜೋತುಬಿದ್ದಿದೆ ನೋಡು. ಹಣ್ಣಿನ ಭಾರಕ್ಕೆ ಮುರಿಯುತ್ತೆ."

"ಹೌದಲ್ಲ. ಕಡ್ಡಿ ಖಾಲಿ ಆಯ್ತು, ತರ್ಬೇಕು..."

"ತಗೋ, ಸದ್ಯಕ್ಕೆ ಇದರಲ್ಲಿ ಕಟ್ಟು."

ಅವನು ಕೈ ಚಾಚಿ ತೆಗೆದುಕೊಂಡ. ಕೊಂಬೆ ಎತ್ತಿ ತಂತಿಗೆ ಹಿಡಿದ. ಅವನ ಬೆರಳುಗಳು ಮನಸ್ಸನ್ನು ಕೇಳದೆ ತಮ್ಮ ಕೆಲಸ ಮಾಡಿದವು. ಎರಡು ಸುತ್ತು, ಒಂದು ತಿರುಚು, ತುದಿ ಒಳಗೆ.

ಆಮೇಲೆ ಅವನು ರಿಬ್ಬನ್ನಿನ ಬಣ್ಣ ನೋಡಿದ.

ಗೋಡೆಯಾಚೆ ಯಾರೋ ನಕ್ಕರು. ಜೇನ್ನೊಣವೊಂದು ಬಿದ್ದ ಹಣ್ಣಿನ ಮೇಲೆ ಕೂತು ಎದ್ದಿತು.

"ಬೇಕರಿಯವಳೂ ಹೀಗೇ ಕಟ್ಟಿದಾಳೆ," ಅಂದಳು ಇರೆನ್ ಮೆಲ್ಲಗೆ. "ಔಷಧಿ ಅಂಗಡಿಯವನೂ ಹೀಗೇ. ಪಾದ್ರಿಗಳ ಮನೆಯವರೂ ಹೀಗೇ. ಪೇಟೆ ಬೀದಿಗೆಲ್ಲ ನೀನು ಪಿಯರ್ ಕಟ್ಟೋ ಪಾಠ ಹೇಳ್ಕೊಟ್ಯಾ? ಇಲ್ಲ, ಅವರ ರಿಬ್ಬನ್ನೆಲ್ಲ ಒಂದು ಕೊರಳಿಂದ ಬಿಚ್ಚಿ ಇನ್ನೊಂದು ಕೊರಳಿಗೆ ಕಟ್ಟಿದ್ಯಾ?"

ಅನ್ಸೆಲ್ಮ್ ರಿಬ್ಬನ್ನಿನಿಂದ ಕೈ ತೆಗೆದ. ಆಮೇಲೆ ಎದೆ ಉಬ್ಬಿಸಿದ. "ನಾನೇ ತಗೊಂಡಿದ್ದು. ಬರ್ಕೋ."

"ಯಾಕೆ?"

"ಆಸೆ ಆಯ್ತು."

"ಹುಂಜದ ಮೇಲೆ?"

"ಹೂಂ."

"ಆ ತಗಡು ಯಾರು ಕೊಯ್ದಿದ್ದು? ಬೆಸುಗೆ ಯಾರು ಹಾಕಿದ್ದು? ಮೀನಿನ ಡಬ್ಬಿ ತೆಗೆಯೋಕೆ ಹೋಗಿ ಹೆಬ್ಬೆರಳಿಗೆ ಹೊಲಿಗೆ ಹಾಕಿಸ್ಕೊಂಡವನು ನೀನು. ನೀನು ಹುಂಜ ಮಾಡಿದ್ರೆ ಅದು ಬಾತುಕೋಳಿ ಥರ ಇರೋದು."

"ಮಾಡಿದ್ದು ನಾನೇ ಅಂದೆನಲ್ಲ."

"ಸುಳ್ಳು ಹೇಳೋಕೂ ನಿಂಗೆ ಬರಲ್ಲ ಅನ್ಸೆಲ್ಮ್. ಯಾವತ್ತೂ ಬರ್ಲಿಲ್ಲ. ಹಣ್ಣು ಕದ್ದಾಗ್ಲೂ ಸಿಕ್ಕಿಬೀಳ್ತಿದ್ದಿದ್ದು ನಿನ್ನಿಂದ್ಲೇ."

"ಮಾಮನ್ನ ಬಿಡಿ ಇರೆನತ್ತೆ."

ತೋಟದ ಸಣ್ಣ ಗೇಟಿನ ಹತ್ತಿರ ಒಡಿಲ್ ನಿಂತಿದ್ದಳು. ಓಡಿ ಬಂದಿದ್ದಳು. ಕೆನ್ನೆ ಕೆಂಪಾಗಿತ್ತು.

"ಒಡಿಲ್, ಮನೆಗೆ ಹೋಗು," ಅಂದ ಅನ್ಸೆಲ್ಮ್.

ಅವಳು ಹೋಗಲಿಲ್ಲ. ಜೀವಮಾನದಲ್ಲಿ ಆಡಬೇಕಾದ ಮಾತನ್ನೆಲ್ಲ ಈಗಲೇ ಆಡಿ ಮುಗಿಸುವವಳ ಹಾಗೆ ಒಂದೇ ಉಸಿರಿಗೆ ಶುರು ಮಾಡಿದಳು.

"ಮಾಡಿದ್ದು ನಾನು. ಅಪ್ಪ ಹೋದ ಚಳಿಗಾಲ ಕೊಟ್ಟಿಗೆ ಮಾಡಿನಿಂದ ಬಿದ್ರು. ಯಾರಿಗೂ ಹೇಳಿಲ್ಲ. ಅವತ್ತಿಂದ ಬಲಗೈ ಇದ್ದಕ್ಕಿದ್ದ ಹಾಗೆ ಮರಗಟ್ಟುತ್ತೆ. ಹಿಡ್ಕೊಂಡಿದ್ದು ಬಿದ್ದೋಗುತ್ತೆ, ಬಿದ್ದಿದ್ದೂ ಗೊತ್ತಾಗಲ್ಲ. ಆ ತಾಮ್ರದ ಹುಂಜ ಬೆನ್ನಿಗೆ ಕಟ್ಕೊಂಡು ಗೋಪುರದ ಏಣಿ ಹತ್ತೋದು ಅಂದ್ರೆ... ನಾನು ಹೊರ್ತೀನಿ ಅಂದೆ. ಗೆರ್ಲೆಗಳಲ್ಲಿ ಹಿರಿಯನೇ ಹೊರೋದು, ನಾನು ಸತ್ತ ಮೇಲೆ ನೀನು ಹೊರು ಅಂದ್ರು. ಸತ್ತ ಮೇಲೆ! ಅದಕ್ಕೇ ಹಗುರವಾದ್ದು ಒಂದು ಮಾಡ್ದೆ. ಒಂದು ವಾರ ಮೇಲೆ ಇರ್ಲಿ, ಆಮೇಲೆ ನಾನೇ ಹತ್ತಿ ಅಸಲಿಯದನ್ನ ಕೂರಿಸ್ತೀನಿ ಅಂತಿದ್ದೆ. ಕತ್ತಿನ ಹತ್ರ ತಗಡು ಇನ್ನೊಂದು ಪದರ ಕೊಡ್ಬೇಕಿತ್ತು. ಭಾರ ಆಗುತ್ತೆ ಅಂತ ಕೊಡ್ಲಿಲ್ಲ."

ಕೊನೆಯ ಮಾತು ಹೇಳುವಾಗ ಮಾತ್ರ ಅವಳು ತನ್ನ ಕೈಗಳನ್ನು ನೋಡಿಕೊಂಡಳು.

ಇರೆನ್‌ಗೆ ಎದೆಯ ಮೇಲಿನ ಕಲ್ಲು ಜಾರಿದ ಹಾಗಾಯಿತು. ವೃತ್ತಿಯಲ್ಲಿದ್ದಾಗ ಅವಳು ಕೇಳಿದ ತಪ್ಪೊಪ್ಪಿಗೆಗಳ ಕೊನೆಯಲ್ಲಿ ಯಾವತ್ತೂ ನಗಬೇಕು ಅನಿಸಿರಲಿಲ್ಲ. "ಅಯ್ಯೋ ಹುಚ್ಚು ಹುಡುಗಿ," ಅಂದಳು. "ಬೆಳಿಗ್ಗೆ ಆ ಚೌಕದಲ್ಲೇ ಹೇಳಬಾರದಿತ್ತಾ?"

"ಅಷ್ಟು ಜನರ ಮುಂದೆ? ಅಪ್ಪನಿಗೆ ಕೈ ಆಗಲ್ಲ ಅಂತ?"

ಇರೆನ್ ಅನ್ಸೆಲ್ಮ್‌ನ ಕಡೆ ತಿರುಗಿದಳು. "ಈಗ ಹುಂಜ ಎಲ್ಲಿದೆ?"

"ಭದ್ರವಾಗಿದೆ," ಅಂದ ಅನ್ಸೆಲ್ಮ್. ಸುಳ್ಳಿನ ಹೊರೆ ಇಳಿದದ್ದೇ ಅವನ ಮೀಸೆ ಮತ್ತೆ ಅರಳಿತ್ತು. "ಬಾ, ತೋರಿಸ್ತೀನಿ. ಮೇಯರಮ್ಮನ ಕೈಗೆ ನಾನೇ ಕೊಡ್ತೀನಿ. ಬೈದ್ರೆ ನನ್ನನ್ನೇ ಬೈಯ್ಲಿ, ನಂಗೆ ಅಭ್ಯಾಸ ಇದೆ."

ಕೆರೆಯ ಹಿಂದಿನ ಓಕ್ ತೋಪಿನಲ್ಲಿ, ಹುಲ್ಲು ಬೆಳೆದ ದಿಬ್ಬದ ಕೆಳಗೆ, ಹಿಂದೆ ಅರಮನೆಯವರು ಚಳಿಗಾಲದ ಮಂಜುಗಡ್ಡೆ ಕೂಡಿಡುತ್ತಿದ್ದ ನೆಲಮನೆಯಿದೆ. ಹೊರಗಿನವರಿಗೆ ಅದನ್ನು ತೋರಿಸುವುದಿಲ್ಲ. ಅನ್ಸೆಲ್ಮ್ ಬೀಗ ತೆಗೆದ. ಬೀಗ ನೆಟ್ಟಗಿತ್ತು, ಬಾಗಿಲಿನಲ್ಲಿ ಒಂದು ಗೀರೂ ಇರಲಿಲ್ಲ. ಒಳಗಿನ ತಂಪು ಮುಖಕ್ಕೆ ಬಡಿಯಿತು. ಟಾರ್ಚಿನ ಬೆಳಕಿನಲ್ಲಿ ಇಟ್ಟಿಗೆಯ ಗುಮ್ಮಟ, ಅದರ ಕೆಳಗೆ ಸೇಬು ತುಂಬುವ ಒಂದು ಉದ್ದನೆಯ ಮರದ ಪೆಟ್ಟಿಗೆ.

"ಒಣಹುಲ್ಲು ಹಾಸಿ, ಕಂಬಳಿ ಹೊದಿಸಿ ಮಲಗಿಸಿದೀನಿ," ಅಂದ. "ನನ್ನ ಮೊಮ್ಮಕ್ಕಳನ್ನೂ ಇಷ್ಟು ಜೋಪಾನ..."

"ಮೊದಲನೇ ಮೆಟ್ಟಿಲಲ್ಲೇ ನಂಗೆ ಗೊತ್ತಾಯ್ತು."

ಮೂವರೂ ತಿರುಗಿದರು. ಬಾಗಿಲಿನ ಬೆಳಕಿಗೆ ಅಡ್ಡವಾಗಿ ಬಾಸಿಲ್ ನಿಂತಿದ್ದ.

"ಅಪ್ಪ..."

"ಇರೆನ್ ಹಸಿರು ರಿಬ್ಬನ್ ಜೇಬಿಗೆ ಹಾಕ್ಕೊಂಡ್ಳು. ನೀನು ಕೋಟೂ ಹಾಕ್ಕೊಳ್ದೆ ಅವಳ ಹಿಂದೆ ಓಡ್ದೆ. ನಂಗೂ ಕಣ್ಣಿದೆ." ಅವನು ಒಳಗೆ ಬಂದ. "ಬೆನ್ನಿಗೆ ಏರಿಸಿದ್ದೇ ಗೊತ್ತಾಯ್ತು, ಇದು ನನ್ನ ಹುಂಜ ಅಲ್ಲ ಅಂತ. ಮೇಲೆ ಹೋಗಿ ಬೆಸುಗೆ ನೋಡ್ದೆ. ನಿನ್ನ ಬೆಸುಗೆ ನಂಗೆ ಗೊತ್ತಾಗಲ್ವೇನೇ? ಕಲಿಸಿದ್ದು ಯಾರು?"

"ಮತ್ತೆ ಬೆಳಿಗ್ಗೆಯಿಂದ ಯಾಕೆ ಸುಮ್ಮನಿದ್ಯೋ?" ಅಂದಳು ಇರೆನ್.

"ನನ್ನನ್ನ ಕಳ್ಳ ಅಂದ್ರೆ ನಾನು ತಡ್ಕೋತೀನಿ. ಇವಳನ್ನ ಅಂದ್ರೆ?" ಅವನು ಎಡಗೈಯನ್ನು ಮಗಳ ತಲೆಯ ಮೇಲಿಟ್ಟ. "ಮುಂದಿನ ಸಲ ಕತ್ತಿಗೆ ಎರಡು ಪದರ ಕೊಡು. ಮತ್ತೆ... ಅಸಲಿಯದನ್ನ ನೀನೇ ಹೊರು. ನಾನು ಕೆಳಗೆ ಏಣಿ ಹಿಡ್ಕೋತೀನಿ."

ಒಡಿಲ್ ಅಪ್ಪನ ಅಂಗಿಗೆ ಮುಖ ಒತ್ತಿಕೊಂಡಳು. ಅನ್ಸೆಲ್ಮ್ ಜೋರಾಗಿ ಮೂಗು ಸೀಟಿದ. "ಸರಿ, ಸರಿ, ಇಲ್ಲಿ ತಂಪು ಜಾಸ್ತಿ," ಅಂತ ಬಗ್ಗಿ ಪೆಟ್ಟಿಗೆಯ ಮುಚ್ಚಳ ಎತ್ತಿದ.

ಪೆಟ್ಟಿಗೆಯಲ್ಲಿ ಹುಂಜ ಇರಲಿಲ್ಲ.

"ಬೆಳಿಗ್ಗೆ ಇತ್ತು!" ಅಂದ ಅವನು. "ಪೂಜೆಗೆ ಹೋಗೋ ಮುಂಚೆ ಬಂದು ನೋಡಿದೀನಿ. ಬೀಗ ಹಾಕಿದ್ದೆ. ಬೀಗದ ಕೈ ನನ್ನ ಜೇಬಲ್ಲೇ ಇದೆ!"

"ಇನ್ನೊಂದು ಬೀಗದ ಕೈ?"

"ಅದು ನಮ್ಮಪ್ಪನ ಕಾಲದಲ್ಲೇ ಕಳೆದುಹೋಯ್ತು."

ಇರೆನ್ ಮೊಣಕಾಲೂರಿ ಕೂತು ಟಾರ್ಚು ಹಿಡಿದಳು. ಒಣಹುಲ್ಲನ್ನು ಯಾರೂ ಕೆದಕಿರಲಿಲ್ಲ. ಹುಂಜ ಮಲಗಿದ್ದ ಅಚ್ಚು ಹಾಗೇ ಇತ್ತು, ಮೊಟ್ಟೆಯಿಟ್ಟು ಎದ್ದ ಗೂಡಿನಂತೆ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಮೂಲೆಯಲ್ಲಿ ಇಟ್ಟಿದ್ದರು. ಅದರ ಮೇಲೆ ಒಂದು ರಿಬ್ಬನ್.

ಎತ್ತಿಕೊಂಡಳು. ನೇರಳೆ ಬಣ್ಣ, ಮಡಿಕೆಯ ಗೆರೆಗಳಲ್ಲಿ ಬಿಳಿಚಿಕೊಂಡಿತ್ತು. ಲ್ಯಾವೆಂಡರಿನ ವಾಸನೆ. ಬಟ್ಟೆ ಬೀರುವಿನಲ್ಲಿ ವರ್ಷಗಟ್ಟಲೆ ಇದ್ದು ಬಂದದ್ದು.

"ಇದು ಈ ಸಲದ್ದಲ್ಲ," ಅಂದಳು. "ಹಿಂದಿನ ಸಲ ಬಾಸಿಲ್‌ನ ಅಪ್ಪ ಹುಂಜ ಹೊತ್ತಾಗಿನದು. ನಾವೆಲ್ಲ ಇಪ್ಪತ್ತರ ಆಸುಪಾಸು ಇದ್ವಲ್ಲ, ಆಗಿನದು." ಅವಳ ದನಿಯಲ್ಲಿ ಉತ್ಸಾಹ ತುಂಬಿತು. "ಬಾಸಿಲ್, ಹೆದರ್ಬೇಡ. ಕಳ್ಳರು ಕಂಬಳಿ ಮಡಚಿಟ್ಟು ಹೋಗಲ್ಲ. ಹುಂಜ ಊರಲ್ಲೇ ಇದೆ, ಜೋಪಾನವಾಗಿದೆ. ಈ ರಿಬ್ಬನ್ನನ್ನ ಮೇಯರಮ್ಮನ ಮುಂದೆ ಇಟ್ರೆ ಸಾಕು. ಮೂರನೆಯವರೊಬ್ಬರು ಇದ್ದಾರೆ ಅನ್ನೋದಕ್ಕೆ ನಮ್ಮ ಹತ್ರ ಇರೋ ಸಾಕ್ಷಿ ಇದೊಂದೇ. ಇದಿಲ್ದಿದ್ರೆ ಅಪ್ಪ ಮಗಳು ಸೇರಿ ಕಟ್ಟಿದ ಕಥೆ ಅಂತಾರೆ."

ಬಾಸಿಲ್ ಅವಳ ಮಾತು ಕೇಳುತ್ತಿರಲಿಲ್ಲ. ರಿಬ್ಬನ್ನನ್ನೇ ನೋಡುತ್ತಿದ್ದ. ನಿಧಾನವಾಗಿ ಟೋಪಿ ತೆಗೆದ, ಚರ್ಚಿನೊಳಗೆ ಕಾಲಿಡುವಾಗ ತೆಗೆಯುವ ಹಾಗೆ. ಮುಖದಲ್ಲಿದ್ದದ್ದು ಭಯವಲ್ಲ. ಭಯವಾಗಿದ್ದರೆ ಇರೆನ್‌ಗೆ ಗುರುತು ಸಿಗುತ್ತಿತ್ತು.

"ಇದು ಯಾರ ಮನೇದು ಬಾಸಿಲ್?"

ದೂರದಲ್ಲಿ ಪಾರ್ಕಿನ ಗಂಟೆ ಹೊಡೆಯತೊಡಗಿತು. ಗೇಟು ಮುಚ್ಚುವ ಹೊತ್ತಾಗಿತ್ತು.

ಅವನು ಬಲಗೈಯನ್ನು ಜೇಬಿನಿಂದ ಹೊರತೆಗೆದು ಅವಳ ಮುಂದೆ ಚಾಚಿದ.

"ಅದನ್ನ ನಂಗೆ ಕೊಡು ಇರೆನ್. ಆ ಮನೆ ಹೆಸರು ಮೇಯರಮ್ಮನ ಕಿವಿಗೆ ಬೀಳೋದು ಬೇಡ, ಕಳ್ಳ ಅನ್ನೋದು ನನ್ನ ಮೇಲೇ ಇರ್ಲಿ."

ಇರೆನ್‌ಳ ಮುಷ್ಟಿ ಬಿಗಿಯಾಯಿತು. ಅನ್ಸೆಲ್ಮ್ ನೆಲ ನೋಡಿದ. ಒಡಿಲ್ ಅಪ್ಪನ ಮುಖವನ್ನೇ ನೋಡುತ್ತ ನಿಂತಳು. ಗಂಟೆ ಹೊಡೆಯುತ್ತಲೇ ಇತ್ತು.

"ಕೊಡು."